ಬಿದ್ದ ಮನೆಯ ಮಣ್ಣೂ ಕಸವಲ್ಲ

ನಿಪ್ಪಾಣಿಯಲ್ಲಿ ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನಡಿ ಬೀಡಿ ಕಟ್ಟುತ್ತ ಕುಳಿತ ಸಹೋದರಿಯರ ಬಳಿ ಸ್ವಲ್ಪ ಹೊತ್ತು ಕುಳಿತರೆ, ಹಿರಿಯರ ಮಣ್ಣಿನ ಮನೆ ಎಷ್ಟು ತಂಪಾಗಿತ್ತು ಎಂಬ ಮಾತು ಬಂದೇ ಬರುತ್ತದೆ.

ಆ ಮಾತು ನಿಜ. ದಪ್ಪ ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆ ಬಿಸಿಲಿನ ಕಾವನ್ನು ನಿಧಾನವಾಗಿ ಹೀರುತ್ತವೆ. ಅದು ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ತೆಳು ತಗಡು ಕ್ಷಣದಲ್ಲಿ ಕಾಯುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈಯಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ಅವುಗಳೊಂದಿಗೆ ತಂಪೂ ಹೋಯಿತು.

ಆದರೆ ಬಿದ್ದ ಗೋಡೆಯ ಮಣ್ಣು ಕಸವಲ್ಲ. ಜರಡಿ ಹಿಡಿದು, ಹೊಟ್ಟು ಬೆರೆಸಿ, ತುಳಿದು ಹದ ಮಾಡಿದರೆ ಅದೇ ಮಣ್ಣು ಮತ್ತೆ ಗೋಡೆಯಾಗುತ್ತದೆ. ನದಿಯಂಚಿನ ಊರುಗಳಲ್ಲಿ ಗೋಡೆಯ ಕೆಳಭಾಗ ಮಾತ್ರ ಕಲ್ಲಿನದಿರಲಿ. ಹಳೆಯ ಜಂತಿ, ಹಂಚುಗಳನ್ನೂ ಆರಿಸಿಟ್ಟುಕೊಳ್ಳಿ.

ತಗಡಿನ ಮನೆಯಲ್ಲೇ ಇರುವವರಿಗೆ ನಮ್ಮ ಗೋದಡಿಯೇ ಪಾಠ. ಹಳೆಯ ಸೀರೆಗಳ ಪದರಗಳ ನಡುವೆ ನಿಂತ ಗಾಳಿ ಚಳಿಯನ್ನು ತಡೆಯುತ್ತದೆ. ಬಿಸಿಲನ್ನು ತಡೆಯುವುದೂ ಇದೇ ಉಪಾಯದಿಂದ. ಕಬ್ಬು ಕಡಿದ ಮೇಲೆ ಹೊಲದಲ್ಲೇ ಸುಟ್ಟುಬಿಡುವ ಒಣ ರವದಿಯನ್ನು ತಗಡಿನ ಮೇಲೆ ದಪ್ಪಗೆ ಹರಡಿ ಹಗ್ಗದಿಂದ ಬಿಗಿಯಿರಿ. ಮಳೆಗೆ ಮುನ್ನ ಇಳಿಸಿ ತಿಪ್ಪೆಗೆ ಹಾಕಿದರೆ ಗೊಬ್ಬರವಾಗಿ ಹೊಲಕ್ಕೇ ಮರಳುತ್ತದೆ. ಬೆಂಕಿಯ ಭಯವಿರುವುದರಿಂದ ಒಲೆಯ ಮೇಲ್ಭಾಗದಲ್ಲಿ ಮಾತ್ರ ಬೇಡ. ಅಲ್ಲಿಗೆ ಸುಣ್ಣ ಬಳಿದರೆ ಸಾಕು, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಎಲ್ಲ ಸಾಮಾನೂ ಹೀಗೆ ಸಾಧುವಲ್ಲ. ಮಾಡಿನಡಿ ಹಾಕುವ ಥರ್ಮಾಕೋಲ್ ಮಣ್ಣಿನಲ್ಲಿ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆ. ಮುರಿಯದಂತೆ ಬಿಚ್ಚಿ, ಅಡುಗೆಮನೆಯಿಂದ ದೂರ ಮತ್ತೆ ಬಳಸಿ. ಹಳೆಯ ಸಿಮೆಂಟ್ ಶೀಟುಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅವನ್ನು ಒಡೆಯಬೇಡಿ, ಕೊರೆಯಬೇಡಿ, ಒಣ ಪೊರಕೆಯಿಂದ ಗುಡಿಸಬೇಡಿ. ನೀರು ಚಿಮುಕಿಸಿ ಇಡಿಯಾಗಿಯೇ ಇಳಿಸಿ. ಚೂರುಗಳು ಮಕ್ಕಳ ಕೈಗೆ ಸಿಗದಿರಲಿ.

ಪ್ರವಾದಿ ಮುಹಮ್ಮದ್(ಸ)ರು ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ದಾರಿಯಲ್ಲಿರುವ ಕೇಡಿನ ವಸ್ತುವನ್ನು ಸರಿಸುವುದೂ ಪುಣ್ಯವೆಂದು ಕಲಿಸಿದರು. ಪವಿತ್ರ ಕುರ್‌ಆನ್ ದುಂದನ್ನು ಖಂಡಿಸುತ್ತದೆ, ಮನೆಯನ್ನು ಅಲ್ಲಾಹನು ಕೊಟ್ಟ ನೆಮ್ಮದಿಯ ತಾಣವೆನ್ನುತ್ತದೆ. ದಿನವಿಡೀ ಕಾದ ತಗಡಿನಡಿ ದುಡಿಯುವ ತಾಯಿಗೂ ಆ ನೆಮ್ಮದಿ ಸಿಗಬೇಡವೇ? ಈ ಬೇಸಿಗೆಯಲ್ಲಿ ಹೊಲದಲ್ಲಿ ರವದಿಗೆ ಬೆಂಕಿ ಬೀಳುವ ಮುನ್ನ ಎರಡು ಹೊರೆ ಮನೆಗೆ ತರಲು ಹೇಳಿ.