ನಮ್ಮ ಲೆಕ್ಕ ಎಲ್ಲರ ಬಳಿ ಇದೆ, ನಮ್ಮ ಬಳಿ ಇದೆಯಾ?

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನೋಟಿಸ್ ಕಳಿಸಿದ್ದು ನಿಮಗೆ ನೆನಪಿರಬಹುದು. ಅದಕ್ಕೆ ಆಧಾರವಾಗಿದ್ದು 2021-22ರಿಂದ ಅವರ ಖಾತೆಗೆ ಯುಪಿಐ ಮೂಲಕ ಬಂದ ಹಣದ ಲೆಕ್ಕ. ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು.

ನಾನು ವ್ಯಾಪಾರ ಮಾಡುವ ಕೊಯಮತ್ತೂರು ಹತ್ತಿರದ ತುಡಿಯಲೂರಿನಲ್ಲೂ ಟೀ ಅಂಗಡಿಯವರ ಮೇಜಿನ ಮೇಲೆ ಕ್ಯೂಆರ್ ಕೋಡ್ ಇದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ವ್ಯವಹಾರ ನಡೆಯಿತು. ಈ ರಾಶಿಯನ್ನು ಮನುಷ್ಯರು ಕೂತು ನೋಡಲು ಆಗುತ್ತದಾ? ಅದಕ್ಕೇ ಈಗ ಕಂಪ್ಯೂಟರೇ ತಾಳೆ ನೋಡುತ್ತದೆ. ಮಾಲು ಕೊಟ್ಟವರು ತಮ್ಮ ಜಿಎಸ್‌ಟಿಆರ್-1ರಲ್ಲಿ ಹಾಕಿದ ಬಿಲ್ ನಮ್ಮ 2ಬಿ ಪಟ್ಟಿಗೆ ತಾನಾಗಿ ಬರುತ್ತದೆ. ಅಲ್ಲಿ ಇಲ್ಲದ ಬಿಲ್‌ಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ.

ಆದರೆ ಕಂಪ್ಯೂಟರ್‌ಗೆ ಮೊತ್ತ ಗೊತ್ತು, ಕಾರಣ ಗೊತ್ತಿಲ್ಲ. ಭಾವ ಕಳಿಸಿದ ಕೈಸಾಲವೂ ಗಿರಾಕಿ ಕೊಟ್ಟ ಹಣವೂ ಅದಕ್ಕೆ ಒಂದೇ. ಕಾರಣ ತೋರಿಸುವ ಕೆಲಸ ನಮ್ಮದು.

ಎರಡನೇ ಸಂಗತಿ, ಹಳೇ ಡೇಟಾ. ಎಲ್ಲವನ್ನೂ ಸದಾ ಆನ್‌ಲೈನ್‌ನಲ್ಲಿ ಇಡುವುದು ದುಬಾರಿ. ಹಾಗಾಗಿ ದೊಡ್ಡ ಸಂಸ್ಥೆಗಳು ಹಳತನ್ನು ಬೇರೆ ಕಡೆ ಸರಿಸುತ್ತವೆ. ಜಿಎಸ್‌ಟಿ ಪೋರ್ಟಲ್‌ನಲ್ಲೂ ರಿಟರ್ನ್‌ಗಳನ್ನು ಏಳು ವರ್ಷ ಮಾತ್ರ ತೋರಿಸುವುದು ಎಂಬ ನಿಯಮ ಇದೆ. 2024ರಲ್ಲಿ 2017ರ ಜುಲೈ, ಆಗಸ್ಟ್‌ನ ರಿಟರ್ನ್‌ಗಳನ್ನು ತೆಗೆದರು. ವ್ಯಾಪಾರಿಗಳು ತೊಂದರೆ ಹೇಳಿಕೊಂಡ ಮೇಲೆ ವಾಪಸ್ ಹಾಕಿ, ಮುಂದೆ ಮೊದಲೇ ತಿಳಿಸಿ ತೆಗೆಯುತ್ತೇವೆ, ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಎಂದರು. ಇತ್ತ ಕಾನೂನು ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ನಾವು ಲೆಕ್ಕಪತ್ರ ಇಟ್ಟಿರಬೇಕು. ಕೇಸು ಇದ್ದರೆ ಇನ್ನೂ ಹೆಚ್ಚು.

ಹಾಗಾದರೆ ಏನು ಮಾಡಬೇಕು?

ಅಂಗಡಿಗೆ ಒಂದು, ಮನೆಗೆ ಒಂದು ಬ್ಯಾಂಕ್ ಖಾತೆ ಇರಲಿ. ಅಂಗಡಿಯ ಕ್ಯೂಆರ್‌ಗೆ ಮನೆಯ ಹಣ ಬರಬಾರದು.

ತೆರಿಗೆ ಇಲ್ಲದ ಹಾಲು, ತರಕಾರಿಯ ಮಾರಾಟವನ್ನು ಬೇರೆಯೇ ಬರೆದಿಡಿ. ಸಾಲ ಪಡೆದರೆ ದಿನಾಂಕ, ಹೆಸರು ಬರೆದಿಡಿ.

ಪ್ರತಿ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್, 2ಬಿ ಡೌನ್‌ಲೋಡ್ ಮಾಡಿ, ವರ್ಷ-ತಿಂಗಳ ಹೆಸರಿನ ಫೋಲ್ಡರ್‌ಗೆ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಬಿಲ್ಲುಗಳನ್ನೂ ಅಲ್ಲಿಗೇ ಸೇರಿಸಿ. ಮೊಬೈಲ್ ಹೋದರೆ ಅವೂ ಹೋಗುತ್ತವೆ.

3-2-1 ಎಂಬ ಪದ್ಧತಿ ಪಾಲಿಸಿ: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಅಂಗಡಿಯ ಹೊರಗೆ. ಅಂದರೆ ಕಂಪ್ಯೂಟರ್, ಹಾರ್ಡ್ ಡಿಸ್ಕ್ ಮತ್ತು ಗೂಗಲ್ ಡ್ರೈವ್‌ನಂಥ ಕ್ಲೌಡ್. ಕ್ಲೌಡ್‌ಗೆ ಗಟ್ಟಿ ಪಾಸ್‌ವರ್ಡ್ ಇಡಿ, ಒಟಿಪಿ ಯಾರಿಗೂ ಕೊಡಬೇಡಿ.

ಕಾಮರ್ಸ್ ಓದುತ್ತಿರುವ ತಮ್ಮ ತಂಗಿಯರೇ, ಬಾಪ್ಪನ ಅಂಗಡಿಗೆ ಇಷ್ಟು ಮಾಡಿಕೊಡಲು ತಿಂಗಳಿಗೆ ಒಂದು ಗಂಟೆ ಸಾಕು. ನಾಳೆ ನೋಟಿಸ್ ಬಂದರೆ ಆಡಿಟರ್ ಮೊದಲು ಕೇಳುವುದು ಅದೇ ಫೋಲ್ಡರ್.