ಸಾಕು ಆಮೆಯ ತೊಟ್ಟಿ

ಸಾಕು ಆಮೆಯ ತೊಟ್ಟಿ ಎಂದರೆ ಮನೆಯಲ್ಲಿ ಸಾಕುವ ನೀರಾಮೆಗೆ ಈಜಲು ಬೇಕಾದಷ್ಟು ನೀರು, ಮೈ ಒಣಗಿಸಿಕೊಳ್ಳಲು ಒಣ ಜಾಗ, ಬೆಳಕು ಹಾಗೂ ಶಾಖಗಳನ್ನು ಒದಗಿಸುವ ಗಾಜಿನ, ಪ್ಲಾಸ್ಟಿಕ್ಕಿನ ಅಥವಾ ಸಿಮೆಂಟಿನ ಧಾರಕ. ಭಾರತದಲ್ಲಿ ಸಾಕುಪ್ರಾಣಿಯಾಗಿ ಅತಿ ಹೆಚ್ಚು ಮಾರಾಟವಾಗುವ ಆಮೆ ಕೆಂಪುಕಿವಿ ಸ್ಲೈಡರ್ (ವೈಜ್ಞಾನಿಕ ಹೆಸರು: ಟ್ರಾಕೆಮಿಸ್ ಸ್ಕ್ರಿಪ್ಟಾ ಎಲೆಗನ್ಸ್). ಇದರ ಮೂಲ ನೆಲೆ ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸಿಸಿಪ್ಪಿ ಕಣಿವೆ ಹಾಗೂ ಮೆಕ್ಸಿಕೋದ ಉತ್ತರ ಭಾಗ. ಅಂಗಡಿಯಲ್ಲಿ ಅಂಗೈಯಲ್ಲಿ ಹಿಡಿಸುವಷ್ಟಿರುವ ಮರಿ ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟು ದೊಡ್ಡದಾಗುತ್ತದೆ. ಆದುದರಿಂದ ತೊಟ್ಟಿಯ ಗಾತ್ರವನ್ನು ಮರಿಯನ್ನು ನೋಡಿ ಅಲ್ಲ, ಬೆಳೆದ ಆಮೆಯನ್ನು ಲಕ್ಷ್ಯದಲ್ಲಿಟ್ಟು ನಿರ್ಧರಿಸಬೇಕಾಗುತ್ತದೆ.

ಸಾಕಬಹುದಾದ ಹಾಗೂ ಸಾಕಬಾರದ ಆಮೆಗಳು

ಕೆರೆಯಲ್ಲಿಯೋ ಗದ್ದೆಯಲ್ಲಿಯೋ ಸಿಕ್ಕ ಆಮೆಯನ್ನು ಮನೆಗೆ ತಂದು ತೊಟ್ಟಿಯಲ್ಲಿಡುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಕರ್ನಾಟಕದ ಕೆರೆಕಟ್ಟೆಗಳಲ್ಲಿ ಕಾಣಸಿಗುವ ಮೆದುಚಿಪ್ಪಿನ ಆಮೆ (ಲಿಸ್ಸೆಮಿಸ್ ಪಂಕ್ಟಾಟಾ) ಮತ್ತು ಒಣಭೂಮಿಯ ನಕ್ಷತ್ರ ಆಮೆಗಳು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ರಕ್ಷಣೆಗೆ ಒಳಪಟ್ಟಿವೆ. ಇವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಶಿಕ್ಷಾರ್ಹ ಅಪರಾಧ. ಮನೆಯಲ್ಲಿ ಆಮೆಯಿದ್ದರೆ ಐಶ್ವರ್ಯ ಬರುತ್ತದೆಂಬ ನಂಬಿಕೆಯಿಂದ ನಕ್ಷತ್ರ ಆಮೆಯನ್ನು ಕೊಳ್ಳುವವರೂ ಇದೇ ಕಾನೂನಿನ ವ್ಯಾಪ್ತಿಗೆ ಬರುತ್ತಾರೆ.

ಕೆಂಪುಕಿವಿ ಸ್ಲೈಡರ್ ವಿದೇಶಿ ಪ್ರಭೇದ. ಅದರ ಸಮಸ್ಯೆ ಬೇರೆ ಬಗೆಯದು. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಪಟ್ಟಿ ಮಾಡಿರುವ ಜಗತ್ತಿನ ನೂರು ಅತ್ಯಂತ ಹಾನಿಕರ ಆಕ್ರಮಣಕಾರಿ ಪ್ರಭೇದಗಳಲ್ಲಿ ಇದೂ ಒಂದು. ಯುರೋಪಿನ ಒಕ್ಕೂಟ 1997ರಲ್ಲಿ ಇದರ ಆಮದನ್ನು ನಿಲ್ಲಿಸಿತು. ಭಾರತದ ಅಧಿನಿಯಮಕ್ಕೆ 2022ರಲ್ಲಿ ತಂದ ತಿದ್ದುಪಡಿಯು ಆಕ್ರಮಣಕಾರಿ ವಿದೇಶಿ ಪ್ರಭೇದಗಳ ಆಮದು, ಮಾರಾಟ ಮತ್ತು ಸ್ವಾಧೀನವನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ.

ತೊಟ್ಟಿಯ ಗಾತ್ರ

ಮೊಟ್ಟೆಯಿಂದ ಹೊರಬಂದ ಮರಿಯ ಚಿಪ್ಪು ಸುಮಾರು 3 ಸೆಂ.ಮೀ. ಉದ್ದವಿರುತ್ತದೆ. ಪೂರ್ಣ ಬೆಳೆದ ಗಂಡು ಸಾಮಾನ್ಯವಾಗಿ 15ರಿಂದ 20 ಸೆಂ.ಮೀ., ಹೆಣ್ಣು 25ರಿಂದ 30 ಸೆಂ.ಮೀ. ಉದ್ದವಾಗುತ್ತದೆ. ಮರಿಯಾಗಿದ್ದಾಗ ಹೆಣ್ಣು ಗಂಡನ್ನು ಗುರುತಿಸುವುದು ಕಷ್ಟ. ಬೆಳೆದ ಬಳಿಕ ಗಂಡಿನ ಮುಂಗಾಲಿನ ಉಗುರುಗಳೂ ಬಾಲವೂ ಉದ್ದವಾಗಿ ಕಾಣುತ್ತವೆ. ಆದ್ದರಿಂದ ಮರಿಯನ್ನು ಕೊಳ್ಳುವವರು ಅದು ಹೆಣ್ಣೆಂದೇ ಭಾವಿಸಿ ಲೆಕ್ಕ ಹಾಕುವುದು ಕ್ಷೇಮ.

ಸಾಕಣೆಯಲ್ಲಿ ರೂಢಿಯಲ್ಲಿರುವ ಲೆಕ್ಕದ ಪ್ರಕಾರ ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್ ನೀರು ಬೇಕು. ಅಂದರೆ 4 ಸೆಂ.ಮೀ. ಮರಿಗೆ 60 ಲೀಟರ್, 18 ಸೆಂ.ಮೀ. ಗಂಡಿಗೆ 270 ಲೀಟರ್, 27 ಸೆಂ.ಮೀ. ಹೆಣ್ಣಿಗೆ 405 ಲೀಟರ್. ಎರಡನೆಯ ಆಮೆಯನ್ನು ಸೇರಿಸಿದರೆ ಇದರ ಅರ್ಧದಷ್ಟನ್ನಾದರೂ ಹೆಚ್ಚಿಸಬೇಕು. ಮರಿಯ ಜೊತೆಗೆ ಮಾರುವ ದುಂಡನೆಯ ಗಾಜಿನ ಬಟ್ಟಲಿನಲ್ಲಿ ಕೆಲವೇ ಲೀಟರ್ ನೀರು ಹಿಡಿಸುತ್ತದೆ. ಅದು ಮರಿಗೂ ಸಾಲದು.

ನೀರಿನ ಪ್ರಮಾಣದಂತೆಯೇ ಆಕಾರವೂ ಮುಖ್ಯ. ತೊಟ್ಟಿಯ ಉದ್ದ ಚಿಪ್ಪಿನ ನಾಲ್ಕೈದು ಪಟ್ಟು, ಅಗಲ ಎರಡು ಪಟ್ಟು, ನೀರಿನ ಆಳ ಒಂದೂವರೆ ಪಟ್ಟಿಗೆ ಕಡಿಮೆಯಿಲ್ಲದಂತೆ ಇರಬೇಕು. ಅಂಗಾತ ಬಿದ್ದ ಆಮೆ ನೀರಿನೊಳಗೆ ತಿರುಗಿ ನೇರವಾಗಲು ಈ ಆಳ ಅಗತ್ಯ. ಅತಿ ತೆಳು ನೀರಿನಲ್ಲಿ ಅಂಗಾತವಾದ ಆಮೆ ಉಸಿರುಗಟ್ಟಿ ಸಾಯುವುದುಂಟು.

ತೊಟ್ಟಿಯ ನೀರನ್ನು ಲೆಕ್ಕ ಹಾಕಲು ಉದ್ದ, ಅಗಲ ಮತ್ತು ನೀರಿನ ಆಳಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಬೇಕು. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 35 ಸೆಂ.ಮೀ. ನೀರು ನಿಲ್ಲಿಸಿದರೆ 189 ಲೀಟರ್ ಆಗುತ್ತದೆ. ಇದು ಸುಮಾರು 12 ಸೆಂ.ಮೀ. ಆಮೆಗೆ ಸಾಕು. 150 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 45 ಸೆಂ.ಮೀ. ನೀರು ನಿಂತರೆ 405 ಲೀಟರ್. ಇದು ಬೆಳೆದ ಹೆಣ್ಣಿಗೆ ತಕ್ಕದ್ದು. ಆಮೆ ಹತ್ತಿ ಹೊರಬೀಳದಂತೆ ನೀರಿನ ಮಟ್ಟದ ಮೇಲೆ ಅಂಚು ಸಾಕಷ್ಟು ಎತ್ತರವಿರಬೇಕು.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಗಾಜು, ಕಲ್ಲುಗಳೂ ಸೇರಿದರೆ ಮೇಲೆ ಹೇಳಿದ ದೊಡ್ಡ ತೊಟ್ಟಿ ಅರ್ಧ ಟನ್ ಭಾರವಾಗುತ್ತದೆ. ಇಂಥದನ್ನು ಮರದ ಮೇಜಿನ ಮೇಲಾಗಲಿ, ಹಳೆಯ ಮನೆಯ ಅಟ್ಟದ ಮೇಲಾಗಲಿ ಇಡಲಾಗದು. ನೆಲಮಟ್ಟದಲ್ಲಿ, ಗೋಡೆಯ ಪಕ್ಕದಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸಮತಟ್ಟಾಗಿ ಇಡುವುದು ಸೂಕ್ತ.

ಸಲಕರಣೆಗಳು

ಒಣ ಜಾಗ: ಆಮೆ ಪೂರ್ತಿಯಾಗಿ ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳುವಂಥ ದಿಬ್ಬ ಬೇಕು. ಇಟ್ಟಿಗೆಯ ಮೇಲಿಟ್ಟ ಕಲ್ಲುಚಪ್ಪಡಿ ಅಥವಾ ಗಟ್ಟಿಯಾಗಿ ಕೂರಿಸಿದ ಮರದ ತುಂಡು ಆಗಬಹುದು. ಅದು ಅಲುಗಾಡಬಾರದು, ಅದರ ಅಡಿಯಲ್ಲಿ ಆಮೆ ಸಿಕ್ಕಿಕೊಳ್ಳಬಾರದು. ಹತ್ತಲು ಒರಟಾದ ಇಳಿಜಾರಿರಬೇಕು.

ಬೆಳಕು ಮತ್ತು ಶಾಖ: ಒಣ ಜಾಗದ ಉಷ್ಣತೆ 30ರಿಂದ 35 ಡಿಗ್ರಿ ಸೆಲ್ಸಿಯಸ್, ನೀರಿನದು 24ರಿಂದ 27 ಡಿಗ್ರಿ ಇರುವುದು ಒಳ್ಳೆಯದು. ಬಿಸಿಲಿನ ಯುವಿಬಿ ಕಿರಣದ ನೆರವಿನಿಂದ ಆಮೆಯ ಚರ್ಮದಲ್ಲಿ ಡಿ3 ಜೀವಸತ್ವ ಉತ್ಪತ್ತಿಯಾಗುತ್ತದೆ. ಅದಿಲ್ಲದೆ ಆಹಾರದ ಸುಣ್ಣಾಂಶ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುತ್ತದೆ, ಎಲುಬು ಸೊಟ್ಟಗಾಗುತ್ತದೆ. ಕಿಟಕಿಯ ಗಾಜು ಯುವಿಬಿ ಕಿರಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಹೀಗಾಗಿ ಮನೆಯೊಳಗಿನ ತೊಟ್ಟಿಗೆ ಯುವಿಬಿ ದೀಪ ಬೇಕು. ದೀಪ ಉರಿಯುತ್ತಿದ್ದರೂ ಕಿರಣ ಕ್ರಮೇಣ ಕುಂದುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಅದನ್ನು ಬದಲಿಸಬೇಕು.

ಫಿಲ್ಟರ್: ಆಮೆ ನೀರಿನಲ್ಲಿಯೇ ತಿನ್ನುತ್ತದೆ, ನೀರಿನಲ್ಲಿಯೇ ಮಲ ವಿಸರ್ಜಿಸುತ್ತದೆ. ಮೀನಿಗಿಂತ ಬಹಳ ಹೆಚ್ಚು ಕೊಳೆ ಮಾಡುತ್ತದೆ. ಆದುದರಿಂದ ತೊಟ್ಟಿಯ ನೀರಿನ ಎರಡು ಮೂರು ಪಟ್ಟು ಪ್ರಮಾಣಕ್ಕೆಂದು ತಯಾರಿಸಿದ ಫಿಲ್ಟರನ್ನು ಆಯ್ದುಕೊಳ್ಳಲಾಗುತ್ತದೆ. ಫಿಲ್ಟರಿದ್ದರೂ ವಾರಕ್ಕೊಮ್ಮೆ ಕಾಲುಭಾಗದಿಂದ ಅರ್ಧದಷ್ಟು ನೀರನ್ನು ಬದಲಿಸಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಬಹುದು.

ಹೀಟರ್: ಚಳಿಗಾಲದ ರಾತ್ರಿಗಳಲ್ಲಿ ನೀರು ತಣ್ಣಗಾದರೆ ಆಮೆ ಆಹಾರ ಬಿಡುತ್ತದೆ, ಶ್ವಾಸಕೋಶದ ಸೋಂಕಿಗೂ ಒಳಗಾಗಬಹುದು. ಮೂಗಿನಲ್ಲಿ ಗುಳ್ಳೆ, ಒಂದು ಬದಿಗೆ ವಾಲಿ ಈಜುವುದು ಇದರ ಲಕ್ಷಣ. ಹೀಟರಿನ ಗಾಜನ್ನು ಆಮೆ ಒಡೆಯದಂತೆ ಅದಕ್ಕೆ ಕವಚವಿರಬೇಕು. ನೀರಿನಲ್ಲಿ ಕೈಹಾಕುವ ಮುನ್ನ ವಿದ್ಯುತ್ ಸಲಕರಣೆಗಳ ಪ್ಲಗ್ ತೆಗೆಯಬೇಕು.

ಮೊಟ್ಟೆಯಿಡುವ ಜಾಗ: ಬೆಳೆದ ಹೆಣ್ಣು ಗಂಡಿನ ಸಂಪರ್ಕವಿಲ್ಲದಿದ್ದರೂ ಮೊಟ್ಟೆಯಿಡಬಹುದು. ಅಗೆಯಲು ತೇವದ ಮಣ್ಣು ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲಿಯೇ ಕಟ್ಟಿಕೊಂಡು ಪ್ರಾಣಾಪಾಯವಾಗುವುದುಂಟು.

ಹಿತ್ತಲಿನ ಸಿಮೆಂಟ್ ತೊಟ್ಟಿ

ಜಾಗವಿರುವ ಊರಮನೆಗಳಲ್ಲಿ ಹಿತ್ತಲಿನ ಸಿಮೆಂಟ್ ತೊಟ್ಟಿ ಗಾಜಿನದಕ್ಕಿಂತ ಅಗ್ಗ. ಬಿಸಿಲೂ ನೇರವಾಗಿ ಸಿಗುತ್ತದೆ. 2 ಮೀಟರ್ ಉದ್ದ, 1 ಮೀಟರ್ ಅಗಲದ ತೊಟ್ಟಿಯಲ್ಲಿ 45 ಸೆಂ.ಮೀ. ನೀರು ನಿಂತರೆ 900 ಲೀಟರ್ ಆಗುತ್ತದೆ. ಹೊಸ ಸಿಮೆಂಟಿನಿಂದ ಸುಣ್ಣ ಬಿಡುವುದರಿಂದ ಕೆಲವು ವಾರ ನೀರು ತುಂಬಿ ಚೆಲ್ಲಿ ತೊಳೆದ ಬಳಿಕವೇ ಆಮೆಯನ್ನು ಬಿಡಬೇಕು. ಕಡೂರಿನ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಆಳವಿಲ್ಲದ ನೀರು ಬೇಗ ಕಾಯುತ್ತದೆ. ಆದುದರಿಂದ ತೊಟ್ಟಿಯ ಒಂದು ಭಾಗಕ್ಕೆ ನೆರಳಿರಬೇಕು. ಕಾಗೆ, ನಾಯಿ, ಮುಂಗುಸಿಗಳಿಂದ ರಕ್ಷಿಸಲು ಜಾಲರಿ ಹೊದಿಸಬೇಕು. ಮಳೆಗಾಲದಲ್ಲಿ ತುಂಬಿ ಹರಿಯುವ ನೀರಿನೊಡನೆ ಆಮೆ ಹೊರಹೋಗದಂತೆ ಹೊರಹರಿವಿನ ಬಾಯಿಗೂ ಜಾಲರಿ ಅಗತ್ಯ.

ಕೆರೆಗೆ ಬಿಡುವುದರ ಪರಿಣಾಮ

ತೊಟ್ಟಿಗೆ ಮೀರಿ ಬೆಳೆದ ಆಮೆಯನ್ನು ಹತ್ತಿರದ ಕೆರೆಗೆ ಬಿಡುವುದು ದಯೆಯ ಕೆಲಸವೆಂದು ಹಲವರು ತಿಳಿಯುತ್ತಾರೆ. ಹಾಗೆ ಬಿಟ್ಟ ಕೆಂಪುಕಿವಿ ಸ್ಲೈಡರುಗಳು ಕೇರಳದ ತ್ರಿಶೂರಿನ ಕಾಲುವೆಯಲ್ಲಿ, ಅಸ್ಸಾಮಿನ ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ ಪತ್ತೆಯಾಗಿವೆ. ಇವು ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಸ್ಥಳೀಯ ಆಮೆಗಳೊಡನೆ ಸ್ಪರ್ಧಿಸುತ್ತವೆ, ಮೀನು, ಕಪ್ಪೆ, ಜಲಸಸ್ಯಗಳನ್ನು ತಿನ್ನುತ್ತವೆ, ರೋಗವನ್ನೂ ಹರಡಬಲ್ಲವು.

ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಇದಕ್ಕೆ ತಕ್ಕ ನಿದರ್ಶನ. ಶಕುನಗಿರಿಯ ತಪ್ಪಲಿನ ಈ ಕೆರೆಯನ್ನು ರುಕ್ಮಾಂಗದ ರಾಯ ಕಟ್ಟಿಸಿದನೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಇದರ ಜೀರ್ಣೋದ್ಧಾರವಾಯಿತು. ಇಲ್ಲಿಂದ ಹರಿಯುವ ವೇದಾ ನದಿ ಕಡೂರಿನ ಬಳಿ ಆವತಿಯನ್ನು ಕೂಡಿ ವೇದಾವತಿಯಾಗುತ್ತದೆ, ವಾಣಿವಿಲಾಸ ಸಾಗರವನ್ನು ದಾಟಿ ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ಇಂಥ ಕೆರೆಗೆ ಬಿಟ್ಟ ಒಂದು ಜೋಡಿ ಆಮೆ ಸಂತಾನ ಬೆಳೆಸಿದರೆ ಅದು ಒಂದೇ ಊರಿನ ಕೆರೆಯಲ್ಲಿ ನಿಲ್ಲುವುದಿಲ್ಲ. ನೀರು ಹೋದಲ್ಲೆಲ್ಲ ಅದಕ್ಕೂ ದಾರಿಯಿದೆ.

ಸಾಕಲಾಗದ ಆಮೆಯನ್ನು ಸಾಕಬಲ್ಲ ಮತ್ತೊಬ್ಬರಿಗೆ ಒಪ್ಪಿಸುವುದು, ಇಲ್ಲವೇ ಪಶುವೈದ್ಯರನ್ನು ಅಥವಾ ಅರಣ್ಯ ಇಲಾಖೆಯನ್ನು ವಿಚಾರಿಸುವುದು ಸರಿಯಾದ ಮಾರ್ಗ.

ಆರೋಗ್ಯ

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಚಿಕ್ಕ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದ ಕಾರಣ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಆಮೆಯನ್ನೋ ತೊಟ್ಟಿಯ ನೀರನ್ನೋ ಮುಟ್ಟಿದ ಬಳಿಕ ಸೋಪಿನಿಂದ ಕೈತೊಳೆಯಬೇಕು. ತೊಟ್ಟಿಯ ಸಾಮಾನುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆ ತಕ್ಕ ಸಾಕುಪ್ರಾಣಿಯಲ್ಲ.

ಉತ್ತಮ ಆರೈಕೆಯಲ್ಲಿ ಕೆಂಪುಕಿವಿ ಸ್ಲೈಡರ್ 20ರಿಂದ 30 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬದುಕುತ್ತದೆ. ಶಾಲೆಗೆ ಹೋಗುವ ಮಗುವಿಗೆಂದು ತಂದ ಆಮೆ ಆ ಮಗು ಬೆಳೆದು ಮನೆ ಬಿಟ್ಟ ಮೇಲೂ ತೊಟ್ಟಿಯಲ್ಲಿರುತ್ತದೆ. ತೊಟ್ಟಿಯ ಬೆಲೆ, ವಿದ್ಯುತ್ತು, ವಾರವಾರದ ನೀರು ಮತ್ತು ಅಷ್ಟು ವರ್ಷಗಳ ಆರೈಕೆಯನ್ನು ಲೆಕ್ಕ ಹಾಕಿದ ನಂತರವೇ ಮರಿಯನ್ನು ಕೊಳ್ಳುವ ತೀರ್ಮಾನ ಮಾಡುವುದು ಆಮೆಗೂ ಕೆರೆಗೂ ಹಿತಕರ.