ವ್ಯಾನು ಕುಂಟುವುದೇಕೆ?

ಹಿಂದಿನ ಡೀಸೆಲ್ ಗಾಡಿಗೆ ಕಾಯಿಲೆ ಬಂದರೆ ಅದರ ಹೊಗೆಯೇ ಅದನ್ನು ಊರಿಗೆಲ್ಲ ಸಾರುತ್ತಿತ್ತು. ಹುಣಸೂರಿನ ಬಸ್ ನಿಲ್ದಾಣದಲ್ಲಿ ನಿಂತ ಮೆಕ್ಯಾನಿಕ್ ಒಬ್ಬನು ಕರಿಯ ಹೊಗೆಯನ್ನು ಕಂಡೊಡನೆ, “ಇದಕ್ಕೆ ಗಾಳಿ ಸಾಲದು” ಎಂದು ಹೇಳಬಹುದಾಗಿತ್ತು. ಈಗಿನ ವ್ಯಾನುಗಳಲ್ಲಿ ಆ ಹೊಗೆ ಹೊರಗೆ ಬರುವುದಿಲ್ಲ. ಅದಕ್ಕೆ ಬದಲಾಗಿ ಚಾಲಕನ ಕಣ್ಣೆದುರಿಗೆ ಒಂದು ಸಣ್ಣ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಅದನ್ನು ಅಲಕ್ಷಿಸಿದರೆ ಕೆಲವು ದಿನಗಳಲ್ಲಿಯೇ ವ್ಯಾನು ಏರು ಹತ್ತಲಾರದೆ, ಆಕ್ಸಿಲರೇಟರನ್ನು ಎಷ್ಟು ತುಳಿದರೂ ವೇಗಗೊಳ್ಳದೆ, ಕುಂಟತೊಡಗುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ‘ಲಿಂಪ್ ಮೋಡ್’ ಎಂದು ಹೆಸರು. ನಾವು ಇದನ್ನು ಕುಂಟುನಡೆ ಎನ್ನೋಣ.

ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯಾನು ಹೀಗೆ ಕುಂಟಿದರೆ ಮಕ್ಕಳಿಗೆ ಪಾಠ ತಪ್ಪುತ್ತದೆ, ಮಾಲೀಕನಿಗೆ ದುಡಿಮೆ ತಪ್ಪುತ್ತದೆ. ಇದಕ್ಕೆ ಕಾರಣವಾದ ಫಿಲ್ಟರನ್ನು ಹೊಸದಾಗಿ ಹಾಕಿಸಬೇಕಾದರೆ ಹತ್ತಾರು ಸಾವಿರ ರೂಪಾಯಿ ಬೇಕು. ಆದರೆ ದೀಪ ಹೊತ್ತಿದ ಮಾತ್ರಕ್ಕೆ ಫಿಲ್ಟರು ಕೆಟ್ಟಿದೆಯೆಂದು ಅರ್ಥವೆ? ಅಲ್ಲವೇ ಅಲ್ಲ. ಒಂದೇ ದೀಪದ ಹಿಂದೆ ಹಲವು ಕಾರಣಗಳಿರಬಹುದು. ಅವುಗಳನ್ನು ಬೇರ್ಪಡಿಸಿ ತಿಳಿಯುವ ಬಗೆ ಹೇಗೆಂಬುದನ್ನು ವಿಚಾರ ಮಾಡೋಣ.

ಮಸಿಯೂ ಅದರ ಬಲೆಯೂ

ಡೀಸೆಲ್ ಇಂಜಿನಿನಲ್ಲಿ ಇಂಧನವು ಸಣ್ಣ ಹನಿಗಳಾಗಿ ಬಿಸಿ ಗಾಳಿಯೊಳಕ್ಕೆ ಚಿಮ್ಮುತ್ತದೆ. ಹನಿಯ ಸುತ್ತ ಗಾಳಿಯಿದ್ದರೂ ಒಳಭಾಗಕ್ಕೆ ಅದು ಸಾಕಷ್ಟು ದೊರೆಯುವುದಿಲ್ಲ. ಅಲ್ಲಿ ಅರೆಬೆಂದು ಉಳಿಯುವ ಇಂಗಾಲವೇ ಮಸಿ. ಸೌದೆಯೊಲೆಯ ಮೇಲಿನ ಅಟ್ಟದಲ್ಲಿ ಜೋತಾಡುವ ಇಲ್ಲಣವೂ, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಕೊಳವೆಯೊಳಗೆ ಕಟ್ಟುವ ಕರಿಯೂ ಇದೇ ಜಾತಿಯವು. ಡೀಸೆಲ್ ಮಸಿಯ ಕಣವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟಿರುತ್ತದೆ. ಇಷ್ಟು ಸಣ್ಣದಾದುದರಿಂದಲೇ ಅದು ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯನಿಗೆ ಕ್ಯಾನ್ಸರ್ ತರುವುದು ನಿಶ್ಚಿತವೆನ್ನುವ ಮೊದಲ ವರ್ಗಕ್ಕೆ ಸೇರಿಸಿತು.

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮಗಳು ಜಾರಿಗೆ ಬಂದುವು. ಕಾರಿನ ವರ್ಗದ ಡೀಸೆಲ್ ವಾಹನವು ಒಂದು ಕಿಲೋಮೀಟರಿಗೆ ಹೊರಬಿಡಬಹುದಾದ ಕಣಗಳ ತೂಕವು 25 ಮಿಲಿಗ್ರಾಮಿನಿಂದ 4.5 ಮಿಲಿಗ್ರಾಮಿಗೆ ಇಳಿಯಿತು. ಇಷ್ಟು ಕಡಿಮೆ ಮಾಡಲು ಇಂಜಿನನ್ನು ತಿದ್ದಿದರಷ್ಟೇ ಸಾಲದು; ಹೊಗೆಯ ದಾರಿಯಲ್ಲಿ ಬಲೆಯೊಂದನ್ನು ಒಡ್ಡಬೇಕಾಯಿತು. ಆ ಬಲೆಯೇ ಡಿ.ಪಿ.ಎಫ್. ಎಂದು ಕರೆಯಲ್ಪಡುವ ಮಸಿ ಫಿಲ್ಟರು.

ಇದು ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ ಜೇನುಹುಟ್ಟಿನಂತಿದೆ. ಒಂದು ಚದರ ಅಂಗುಲದಲ್ಲಿ ಇನ್ನೂರು ಮುನ್ನೂರು ಓಣಿಗಳು. ಒಂದು ಓಣಿಯ ಹಿಂದಿನ ಬಾಯಿ ಮುಚ್ಚಿದ್ದರೆ ಅದರ ನೆರೆಯ ಓಣಿಯ ಮುಂದಿನ ಬಾಯಿ ಮುಚ್ಚಿರುತ್ತದೆ. ಆದ್ದರಿಂದ ಒಳಹೊಕ್ಕ ಹೊಗೆಯು ನಡುವಿನ ಗೋಡೆಯನ್ನು ತೂರಿಯೇ ಹೊರಬರಬೇಕು. ಇಲ್ಲೊಂದು ಸ್ವಾರಸ್ಯವುಂಟು. ಗೋಡೆಯ ರಂಧ್ರಗಳು ಮಸಿಯ ಕಣಕ್ಕಿಂತ ಸುಮಾರು ನೂರು ಪಟ್ಟು ದೊಡ್ಡವು! ಹಾಗಾದರೆ ಕಣಗಳು ಸಿಕ್ಕಿಬೀಳುವುದು ಹೇಗೆ? ಸಂತೆಯ ತಳ್ಳಾಟಕ್ಕೆ ಸಿಕ್ಕಿದ ಮಗು ಅಗಲವಾದ ಬೀದಿಯಲ್ಲಿಯೂ ನೇರವಾಗಿ ನಡೆಯಲಾರದೆ ಪಕ್ಕದ ಗೋಡೆಗೆ ತಾಗುವಂತೆ, ಅನಿಲದ ಅಣುಗಳ ಹೊಡೆತಕ್ಕೆ ಸಿಕ್ಕಿದ ಕಣವು ಅತ್ತಿತ್ತ ತೂರಾಡಿ ರಂಧ್ರದ ಬದಿಗೆ ಅಂಟುತ್ತದೆ. ರಾಬರ್ಟ್ ಬ್ರೌನ್ 1827ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡ ಚಲನೆ ಇದೇ. ಹೀಗೆ ಅಂಟಿದ ಮಸಿಯ ಪದರವೇ ಮುಂದಿನ ಕಣಗಳಿಗೆ ಬಲೆಯಾಗುತ್ತದೆ.

ಬೇಕಾದುದು ಶಾಖ

ಬಲೆ ತುಂಬಿದ ಮೇಲೆ ಅದನ್ನು ಬರಿದುಮಾಡಬೇಕಷ್ಟೆ. ಮಸಿಯು ಇಂಗಾಲವಾದುದರಿಂದ ಅದನ್ನು ಸುಡಬಹುದು. ಮೇಣದ ಬತ್ತಿಯ ಹಳದಿ ಜ್ವಾಲೆಗೆ ಉಕ್ಕಿನ ಚಮಚವನ್ನು ಹಿಡಿದರೆ ಮಸಿ ಕಟ್ಟುತ್ತದೆ. ಅದೇ ಚಮಚವನ್ನು ಇಕ್ಕಳದಿಂದ ಹಿಡಿದು ಗ್ಯಾಸ್ ಒಲೆಯ ನೀಲಿ ಜ್ವಾಲೆಯಲ್ಲಿ ಚೆನ್ನಾಗಿ ಕಾಯಿಸಿದರೆ ಮಸಿ ಕೆಂಪಾಗಿ ಹೊಳೆದು ಮಾಯವಾಗುತ್ತದೆ. ಹಿರಿಯರ ಎದುರಿನಲ್ಲಿ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಮಾಡಿ ನೋಡಬಹುದು. ಫಿಲ್ಟರಿನೊಳಗೆ ನಡೆಯುವುದೂ ಇದೇ.

ಗಾಳಿಯ ಆಮ್ಲಜನಕದಲ್ಲಿ ಮಸಿಯು ಬೇಗನೆ ಸುಡಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡಿನ ನೆರವಿನಿಂದ 250ರಿಂದ 400 ಡಿಗ್ರಿಗಳಲ್ಲಿಯೂ ನಿಧಾನವಾಗಿ ಸುಡುವುದುಂಟು. ಭಾರ ಹೊತ್ತು ಹೆದ್ದಾರಿಯಲ್ಲಿ ಓಡುವ ಗಾಡಿಗೆ ಈ ಎರಡನೆಯ ರೀತಿಯೇ ಬಹುಪಾಲು ಸಾಕು. ಆದರೆ ನಿಂತು ನಿಂತು ಸಾಗುವ ಗಾಡಿಯ ಹೊಗೆಯು 150–250 ಡಿಗ್ರಿಗಳನ್ನು ಮೀರುವುದು ಅಪರೂಪ. ಆಗ ಇಂಜಿನಿನ ಕಂಪ್ಯೂಟರು ಸ್ವಲ್ಪ ಡೀಸೆಲನ್ನು ಹೊತ್ತು ಮೀರಿ ಚಿಮ್ಮಿಸಿ, ಅದನ್ನು ಫಿಲ್ಟರಿನ ಮುಂದಿರುವ ವೇಗವರ್ಧಕದಲ್ಲಿ ಉರಿಸಿ, ಶಾಖವನ್ನು 600 ಡಿಗ್ರಿಗೆ ಏರಿಸುತ್ತದೆ. ಈ ಸುಡುವಿಕೆಗೆ ಹತ್ತರಿಂದ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಡುವೆ ಚಾಲಕನು ಊರು ಬಂತೆಂದು ಕೀಲಿ ತಿರುಗಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹೀಗಾದರೆ ಉರಿಯದ ಡೀಸೆಲು ಸಿಲಿಂಡರಿನ ಗೋಡೆಯಿಂದ ಜಾರಿ ಇಂಜಿನ್ ಆಯಿಲಿಗೆ ಸೇರುತ್ತದೆ. ಅಳತೆಯ ಕಡ್ಡಿಯಲ್ಲಿ ಆಯಿಲು ಇಳಿಯುವುದಕ್ಕೆ ಬದಲಾಗಿ ಏರಿದ್ದರೆ ಇದೇ ಕಾರಣವೆಂದು ಶಂಕಿಸಬೇಕು. ತೆಳುವಾದ ಆಯಿಲು ಬೇರಿಂಗುಗಳನ್ನು ಕಾಪಾಡಲಾರದು.

ದೀಪ ಹೊತ್ತುವ ಲೆಕ್ಕ

ಮಸಿ ಎಷ್ಟಿದೆಯೆಂದು ಕಂಪ್ಯೂಟರಿಗೆ ತಿಳಿಯುವುದೆಂತು? ಅದು ಮಸಿಯನ್ನು ಕಾಣಲಾರದು, ಊಹಿಸುತ್ತದೆ. ಫಿಲ್ಟರಿನ ಹಿಂದು ಮುಂದುಗಳಿಂದ ಎರಡು ಸಣ್ಣ ಕೊಳವೆಗಳು ಒಂದು ಸೆನ್ಸರಿಗೆ ಹೋಗುತ್ತವೆ. ಅದು ಎರಡು ಕಡೆಯ ಒತ್ತಡಗಳ ಅಂತರವನ್ನು ಅಳೆಯುತ್ತದೆ. ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನ ಮೂಲಕ ಹರಿಯುವ ನೀರಿನ ವಿಷಯದಲ್ಲಿ ತಿಳಿಸಿದ ನಿಯಮವೇ ಇಲ್ಲಿಗೂ ಆಧಾರ: ಹರಿವು ಹೆಚ್ಚಿದಷ್ಟೂ, ಪದರ ದಪ್ಪವಾದಷ್ಟೂ ಒತ್ತಡದ ಅಂತರ ಹೆಚ್ಚು. ಹರಿವನ್ನು ಬೇರೆಯಾಗಿ ತಿಳಿದುಕೊಂಡರೆ ಪದರದ ದಪ್ಪವನ್ನು ಲೆಕ್ಕ ಹಾಕಬಹುದು. ಲೆಕ್ಕವು ಒಂದು ಮಿತಿಯನ್ನು ಮುಟ್ಟಿದಾಗ ಹಳದಿ ದೀಪ ಹೊತ್ತುತ್ತದೆ. ಅದನ್ನೂ ಮೀರಿದರೆ ಕುಂಟುನಡೆ.

ಕುಂಟುನಡೆ ಶಿಕ್ಷೆಯಲ್ಲ, ರಕ್ಷಣೆ. ಅತಿಯಾಗಿ ತುಂಬಿದ ಮಸಿಗೆ ಒಮ್ಮೆಗೇ ಬೆಂಕಿ ಹತ್ತಿದರೆ ಶಾಖವು ಮಿತಿಮೀರಿ ಫಿಲ್ಟರು ಸೀಳಬಹುದು, ಕರಗಲೂಬಹುದು. ಅದನ್ನು ತಪ್ಪಿಸಲು ಕಂಪ್ಯೂಟರು ಇಂಧನವನ್ನೂ ಟರ್ಬೊ ಒತ್ತಡವನ್ನೂ ತಗ್ಗಿಸುತ್ತದೆ.

ಗ್ಯಾರೇಜಿನ ಸ್ಕ್ಯಾನರು ‘ಪಿ 2463’ ಎಂಬ ಸಂಕೇತವನ್ನು ತೋರಿಸಿದರೆ ಮಸಿ ಹೆಚ್ಚಿದೆಯೆಂದು ಕಂಪ್ಯೂಟರು ತೀರ್ಮಾನಿಸಿದೆ ಎಂದಷ್ಟೇ ಅರ್ಥ. ಆ ತೀರ್ಮಾನವನ್ನು ನಾವು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಅಳತೆ ನಿಜವೆ? ನಿಜವಾದರೆ ತುಂಬಿರುವುದು ಮಸಿಯೆ, ಬೂದಿಯೆ? ಮಸಿಯಾದರೆ, ಸುಡುವುದು ಕಡಿಮೆಯಾಯಿತೆ, ಹುಟ್ಟುವುದು ಹೆಚ್ಚಾಯಿತೆ?

ನಾಲ್ಕು ವ್ಯಾನುಗಳು

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ವ್ಯಾನುಗಳಿವೆಯೆಂದೂ, ನಾಲ್ಕರಲ್ಲಿಯೂ ಅದೇ ದೀಪ ಹೊತ್ತಿದೆಯೆಂದೂ ಭಾವಿಸೋಣ.

ಹೆಗ್ಗಡದೇವನಕೋಟೆಯ ವ್ಯಾನು ಮಳೆಯಲ್ಲಿ ಹಲವು ದಿನ ನಿಂತಿದ್ದು, ಹೊರಟೊಡನೆ ಕುಂಟಿತು. ಮೊದಲ ಪ್ರಶ್ನೆಯನ್ನು ಕೇಳೋಣ. ಕೀಲಿಯನ್ನು ತಿರುಗಿಸಿ, ಇಂಜಿನನ್ನು ಚಾಲೂ ಮಾಡದೆ, ಸ್ಕ್ಯಾನರಿನಲ್ಲಿ ಒತ್ತಡದ ಅಂತರವನ್ನು ನೋಡಿದರೆ 6 ಕಿಲೋಪಾಸ್ಕಲ್ ಎಂದಿದೆ. ಹರಿವೇ ಇಲ್ಲದಿರುವಾಗ ಅಂತರವೆಲ್ಲಿಂದ ಬಂತು? ಅದು ಸೊನ್ನೆಯಾಗಿರಬೇಕು. ಸುಳ್ಳು ಹೇಳುತ್ತಿರುವುದು ಸೆನ್ಸರು, ಫಿಲ್ಟರು ನಿರಪರಾಧಿ. ಸೆನ್ಸರಿನ ಕೊಳವೆ ಸೀಳಿದ್ದರೆ, ಇಲಿ ಕಡಿದಿದ್ದರೆ, ನೀರು ತುಂಬಿದ್ದರೆ ಸಹ ಅಳತೆ ಕೆಡುವುದರಿಂದ ಅವನ್ನೂ ನೋಡಬೇಕು.

ಕೃಷ್ಣರಾಜನಗರದ ವ್ಯಾನು ಲಕ್ಷಕ್ಕೂ ಹೆಚ್ಚು ಕಿಲೋಮೀಟರ್ ಓಡಿದೆ. ಸೆನ್ಸರಿನ ಸೊನ್ನೆ ಸರಿಯಾಗಿದೆ. ಸುಡುವಿಕೆಯೂ ಪೂರ್ತಿಯಾಗಿ ನಡೆದಿದೆ. ಆದರೂ ಒತ್ತಡದ ಅಂತರ ತಗ್ಗದು. ಆ ಊರಿನ ಅಕ್ಕಿ ಗಿರಣಿಗಳ ಒಲೆಯಲ್ಲಿ ಉರಿದ ಹೊಟ್ಟನ್ನು ನೆನೆಯಿರಿ: ಹೊಟ್ಟು ಉರಿಯುತ್ತದೆ, ಬೂದಿ ಉಳಿಯುತ್ತದೆ, ಬೂದಿಯನ್ನು ಮತ್ತೆ ಉರಿಸಲಾಗದು. ಇಂಜಿನ್ ಆಯಿಲಿನಲ್ಲಿ ಬೆರೆತಿರುವ ಕ್ಯಾಲ್ಸಿಯಂ, ಸತು ಮುಂತಾದವುಗಳ ಬೂದಿ ವರ್ಷಗಟ್ಟಲೆ ಫಿಲ್ಟರಿನ ತುದಿಯಲ್ಲಿ ಶೇಖರವಾಗಿದೆ. ಇದಕ್ಕೆ ಶಾಖ ಮದ್ದಲ್ಲ. ಫಿಲ್ಟರನ್ನು ಬಿಚ್ಚಿ, ಅದಕ್ಕೆಂದೇ ಇರುವ ಯಂತ್ರದಲ್ಲಿ ಶುದ್ಧಿಮಾಡಿಸಬೇಕು ಅಥವಾ ಬದಲಿಸಬೇಕು. ವಾಟರ್ ಸರ್ವಿಸಿನ ರಭಸದ ನೀರು ಒಳಗಿನ ಲೇಪವನ್ನು ಕೆಡಿಸಬಹುದು. ಕೈಪಿಡಿಯಲ್ಲಿ ಹೇಳಿರುವ, ಬೂದಿ ಕಡಿಮೆ ಉಳಿಸುವ ಆಯಿಲನ್ನೇ ಹಾಕುತ್ತ ಬಂದರೆ ಈ ದಿನ ಮುಂದಕ್ಕೆ ಹೋಗುತ್ತದೆ.

ಹುಣಸೂರಿನದು ಶಾಲೆಯ ವ್ಯಾನು. ಮನೆಮನೆಯ ಮುಂದೆ ನಿಲ್ಲುವುದು, ಇಂಜಿನನ್ನು ಆರಿಸದೆ ಕಾಯುವುದು, ಉಬ್ಬು ದಾಟುವುದು, ಶಾಲೆ ಸೇರಿ ನಿಂತುಬಿಡುವುದು. ಅಳತೆ ನಿಜ, ತುಂಬಿರುವುದು ಮಸಿ, ಸುಡುವುದಕ್ಕೆ ಶಾಖವೇ ಇಲ್ಲ. ಇದರ ಮದ್ದು ಎಲ್ಲಕ್ಕಿಂತ ಅಗ್ಗ. ಹಳದಿ ದೀಪವೊಂದೇ ಸ್ಥಿರವಾಗಿ ಉರಿಯುತ್ತಿರುವಾಗ, ಮೈಸೂರಿನ ಕಡೆಗಿನ 275ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ವೇಗದ ಮಿತಿಯೊಳಗೇ, ಒಂದು ಗೇರು ಕೆಳಗಿಟ್ಟು ಇಂಜಿನಿನ ಸುತ್ತುಗಳು ನಿಮಿಷಕ್ಕೆ 2000ಕ್ಕಿಂತ ಮೇಲಿರುವಂತೆ ಇಪ್ಪತ್ತು ನಿಮಿಷ ಬಿಡದೆ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಇಂಜಿನಿನ ದೀಪವೂ ಹೊತ್ತಿದ್ದರೆ, ಅಥವಾ ಗಾಡಿ ಕುಂಟುತ್ತಿದ್ದರೆ, ಈ ಉಪಾಯ ಕೂಡದು, ಗ್ಯಾರೇಜಿಗೇ ಹೋಗಬೇಕು.

ಪಿರಿಯಾಪಟ್ಟಣದ ಪಿಕಪ್ ವ್ಯಾನು ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡು ಹರಾಜು ಮಾರುಕಟ್ಟೆಗೆ ಹೋಗುತ್ತದೆ. ಭಾರವುಂಟು, ದೂರವುಂಟು, ಶಾಖವುಂಟು. ಆದರೂ ವಾರವಾರವೂ ದೀಪ. ಇಲ್ಲಿ ಸುಡುವುದು ಕಡಿಮೆಯಾಗಿಲ್ಲ, ಹುಟ್ಟುವುದು ಹೆಚ್ಚಾಗಿದೆ. ಕಂಪ್ಯೂಟರು ಕೇಳಿದ ಟರ್ಬೊ ಒತ್ತಡವೆಷ್ಟು, ದೊರೆತುದೆಷ್ಟು ಎಂದು ಹೋಲಿಸಿದರೆ ಕೊರತೆ ಕಾಣುತ್ತದೆ. ಟರ್ಬೊದಿಂದ ಇಂಜಿನಿಗೆ ಹೋಗುವ ರಬ್ಬರ್ ಹೋಸು ಸೀಳಿ, ಅಲ್ಲಿ ಎಣ್ಣೆಯ ಕಲೆ ಹತ್ತಿದೆ. ಹಿಂದಾಗಿದ್ದರೆ ಕರಿಯ ಹೊಗೆ ಇದನ್ನು ಮೊದಲ ದಿನವೇ ತಿಳಿಸುತ್ತಿತ್ತು. ಈಗ ಫಿಲ್ಟರು ಆ ಹೊಗೆಯನ್ನು ನುಂಗಿ ನುಂಗಿ ತಾನೇ ಕಾಯಿಲೆ ಬಿದ್ದಿದೆ. ಹೋಸನ್ನು ಬದಲಿಸದೆ ಹೊಸ ಫಿಲ್ಟರು ಹಾಕಿದರೆ ಅದೂ ತುಂಬುತ್ತದೆ.

ಸುಡುವಿಕೆ ನಡೆಯುತ್ತಿರುವಾಗ ಗಾಡಿಯನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಬೇಸಗೆಯಲ್ಲಿ, ಅದರಲ್ಲಿಯೂ ನಾಗರಹೊಳೆಯ ಅಂಚಿನ ರಸ್ತೆಗಳಲ್ಲಿ, ಕಾದ ಸೈಲೆನ್ಸರು ಕಾಡಿಗೆ ಕಿಚ್ಚಿಡಬಲ್ಲುದು.

ಕಡೆಯದಾಗಿ, ಫಿಲ್ಟರನ್ನೇ ತೆಗೆದುಹಾಕಿ ಕಂಪ್ಯೂಟರಿನ ಬಾಯಿ ಮುಚ್ಚಿಸುವ ಉಪಾಯವೂ ಒಂದುಂಟು. ಆಮೇಲೆ ದೀಪ ಹೊತ್ತದು, ಗಾಡಿ ಕುಂಟದು. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ನಿಷೇಧವಿದೆ. ಕಾಯಿದೆಯ ಮಾತು ಹಾಗಿರಲಿ. ಪಿರಿಯಾಪಟ್ಟಣದ ವ್ಯಾನಿನ ಸೀಳಿದ ಹೋಸು ಅದರಿಂದ ಸರಿಹೋಗುವುದಿಲ್ಲ, ಹುಣಸೂರಿನ ವ್ಯಾನಿನ ಮಸಿ ಇಲ್ಲವಾಗುವುದೂ ಇಲ್ಲ. ಶಾಲೆಯ ಬಾಗಿಲಿನಲ್ಲಿ ವ್ಯಾನಿನ ಹಿಂದೆ ಸಾಲಾಗಿ ನಿಂತ ಮಕ್ಕಳ ಉಸಿರಿಗೆ ಆ ಮಸಿ ಸೇರುತ್ತದೆ. ದೀಪವನ್ನು ಆರಿಸುವ ಮೊದಲು ಅದು ಹೊತ್ತಿದ ಕಾರಣವನ್ನು ಹುಡುಕಬೇಕು. ಅದಕ್ಕೆ ಬೇಕಾದುದು ಒಂದು ಸ್ಕ್ಯಾನರು, ಮೂರು ಪ್ರಶ್ನೆಗಳು, ಅರ್ಧ ಗಂಟೆಯ ತಾಳ್ಮೆ.